ಕಾರಿಗೆ ಲಕ್ಷಗಟ್ಟಲೆ ಖರ್ಚು, ಕಟ್ಟುವ ಪಟ್ಟಿಗೆ ಚೌಕಾಸಿ!

ಹಾಸನ: ಮೈತುಂಬ ಪಾಲೀಷು ಬಳಿದುಕೊಂಡು ಮದುವಣಗಿತ್ತಿಯಂತೆ ಮಿಂಚುವ ಹಳೇ ಕಾರೊಂದು ಲಾರಿಯ ಬೆನ್ನೇರಿ ಹೆದ್ದಾರಿಯಲ್ಲಿ ಹೊರಟರೆ ರಸ್ತೆ ಬದಿಯವರೆಲ್ಲ ಕತ್ತೆತ್ತಿ ನೋಡುತ್ತಾರೆ. ಟೀ ಅಂಗಡಿ ಮುಂದೆ ಲಾರಿ ನಿಂತರಂತೂ ಮುಗಿಯಿತು. ಯಾವ ಇಸವಿ, ಯಾರ ಮನೇದು, ಎಷ್ಟು ಬೆಲೆ, ಲೀಟರಿಗೆ ಎಷ್ಟು ಕೊಡುತ್ತೆ ಎಂದು ಪ್ರಶ್ನೆಗಳ ಸುರಿಮಳೆ. ಆದರೆ ಅದನ್ನು ಕಟ್ಟಿದ್ದು ಯಾರು, ಯಾವುದರಿಂದ ಕಟ್ಟಿದ್ದಾರೆ, ಎಲ್ಲಿಗೆ ಕಟ್ಟಿದ್ದಾರೆ ಅಂತ ಬಗ್ಗಿ ನೋಡುವವರು ಯಾರೂ ಇಲ್ಲ. ಎಷ್ಟೋ ಸಲ ಕಾರಿನ ಯಜಮಾನನೇ ನೋಡುವುದಿಲ್ಲ.

ಬಣ್ಣಕ್ಕೆ ಲಕ್ಷ, ಕ್ರೋಮಿಗೆ ಲಕ್ಷ, ಸೀಟಿನ ಚರ್ಮಕ್ಕೆ ಇನ್ನೊಂದಿಷ್ಟು ಸಾವಿರ ಸುರಿದವರು ಲಾರಿ ಬಾಡಿಗೆ ವಿಷಯ ಬಂದ ಕೂಡಲೇ ಎರಡು ಸಾವಿರಕ್ಕೆ ಚೌಕಾಸಿಗೆ ಕೂರುತ್ತಾರೆ. ಮೂಟೆ ಕಟ್ಟುವ ಹಗ್ಗವೇ ಕಾರಿಗೂ ಸಾಕು ಅನ್ನುವ ಧೈರ್ಯ. ವರ್ಷಗಟ್ಟಲೆ ದುಡಿದು ಎಬ್ಬಿಸಿ ನಿಲ್ಲಿಸಿದ ಕಾರು ಮುನ್ನೂರೈವತ್ತು ಕಿಲೋಮೀಟರ್ ಸಾಗುವಷ್ಟರಲ್ಲಿ ಮತ್ತೆ ಗ್ಯಾರೇಜು ಸೇರುವುದು ಇದರಿಂದಲೇ.

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ನಮ್ಮ ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಕರಾವಳಿಯ ಹಳೇ ಕಾರು ರಾಜಧಾನಿಯ ಪ್ರದರ್ಶನಕ್ಕೆ ಹೋಗಬೇಕಾದರೆ ಗುಂಡ್ಯದಲ್ಲಿ ಘಾಟಿ ಹತ್ತಿ, ಮಾರನಹಳ್ಳಿ, ದೋಣಿಗಾಲ್, ಸಕಲೇಶಪುರ ದಾಟಿ ಹಾಸನದ ಮೂಲಕವೇ ಹೋಗಬೇಕು. ನಮ್ಮ ತೋಟದ ಮನೆಗಳ ಷೆಡ್ಡುಗಳಲ್ಲಿ ತಾತನ ಕಾಲದಿಂದ ನಿಂತಿರುವ ಆಸ್ಟಿನ್, ಮಾರಿಸ್, ವಿಲ್ಲೀಸ್ ಜೀಪುಗಳು ಹೊರಗೆ ಕಾಲಿಟ್ಟರೂ ಇದೇ ದಾರಿ. ಆದ್ದರಿಂದ ಇದು ಬೆಂಗಳೂರಿನ ದೊಡ್ಡವರ ಷೋಕಿಯ ಮಾತು ಮಾತ್ರ ಅಲ್ಲ.

ಅಂಬಾಸಿಡರ್ ಕೂಡ ಈಗ ವಿಂಟೇಜು!

ಹಳೇ ಕಾರುಗಳ ಓಡಾಟ ಹೆಚ್ಚಲು ಒಂದು ಕಾರಣ 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ ಹೊರಡಿಸಿದ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡಿಸದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ಅಂತ ಪ್ರತ್ಯೇಕ ನೋಂದಣಿ ಕೊಡುತ್ತಾರೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಜೊತೆ 'ವಿಎ' ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಕಳೆದ ಮೇಲೆ ಮತ್ತೆ ಮಾಡಿಸಲು 5,000 ರೂಪಾಯಿ ಶುಲ್ಕ ಎಂದು ಆ ನಿಯಮದಲ್ಲೇ ಇದೆ.

ಐವತ್ತು ವರ್ಷ ಎಂದರೆ ಲೆಕ್ಕ ಹಾಕಿ. 1970ರ ಸುಮಾರಿಗೆ ಕೊಂಡ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳೆಲ್ಲ ಇದರೊಳಗೆ ಬಂದುಬಿಟ್ಟವು. ನಿನ್ನೆ ಮೊನ್ನೆ ತಾಲ್ಲೂಕು ಆಫೀಸಿನ ಮುಂದೆ ಬಾಡಿಗೆಗೆ ನಿಲ್ಲುತ್ತಿದ್ದ ಜಾತಿಯ ಕಾರು ಈಗ ಪ್ರದರ್ಶನದ ವಸ್ತು!

ಆದರೆ ಈ ನೋಂದಣಿಗೆ ಒಂದು ಕಟ್ಟು ಇದೆ. ವಿಎ ಪ್ಲೇಟಿನ ಕಾರನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ, ಬಾಡಿಗೆಗೂ ಬಿಡುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಯಬಹುದು. ಪ್ರದರ್ಶನಕ್ಕೆ ಓಡಿಸಿಕೊಂಡೇ ಹೋಗಲು ಅಡ್ಡಿಯೇನಿಲ್ಲ. ಅಂಬಾಸಿಡರ್ ಓಡಿಸಿದ ಹಳಬರಿಗೆ ಅದರ ಸುಖವೂ ಗೊತ್ತು. ಏರಿನಲ್ಲಿ ಪೆಟ್ರೋಲು ಆವಿಯಾಗಿ ಎಂಜಿನ್ ನಿಂತಾಗ ಫ್ಯುಯಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಬಂಡೆ ಮೇಲೆ ಕೂತು ಬೀಡಿ ಸೇದಿ, ಮತ್ತೆ ಸೆಲ್ಫ್ ಹೊಡೆದವರೆಷ್ಟೋ ಮಂದಿ. ಈಗ ಶಿರಾಡಿಯಲ್ಲಿ ಹಿಂದೆ ಟ್ಯಾಂಕರು, ಮುಂದೆ ಟ್ಯಾಂಕರು. ಅಲ್ಲಿ ಕಾರು ನಿಂತರೆ ಬೀಡಿ ಸೇದುವ ಮಾತು ಹಾಗಿರಲಿ, ಬಾಗಿಲು ತೆಗೆದು ಇಳಿಯಲಿಕ್ಕೂ ಜಾಗವಿಲ್ಲ. ಹೀಗಾಗಿ ಲಾರಿಯೇ ಗತಿ.

ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಹಳೇ ಕಾರುಗಳ ಸಂಗ್ರಹ ನಾಡಿಗೆಲ್ಲ ಗೊತ್ತಿರುವಂಥದ್ದು. ಆ ಸಂಗ್ರಹದ ಕಾರುಗಳನ್ನು ಶ್ರೀರಂಗಪಟ್ಟಣದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿ ಪಕ್ಕದ 'ಪಯಣ' ಮ್ಯೂಸಿಯಂನಲ್ಲಿ ಈಗ ಜನ ಟಿಕೇಟು ಕೊಟ್ಟು ನೋಡುತ್ತಾರೆ. ಧರ್ಮಸ್ಥಳ ಇರುವುದು ಘಟ್ಟದ ಬುಡದಲ್ಲಿ, ಶ್ರೀರಂಗಪಟ್ಟಣ ಇರುವುದು ಘಟ್ಟದ ಮೇಲೆ. ನಡುವೆ ಇರುವುದು ಏನೆಂದು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ಮೈಗೆ ಕಟ್ಟಬೇಡಿ, ಗಾಲಿಗೆ ಕಟ್ಟಿ

ಈಗ ಮುಖ್ಯ ವಿಷಯ. ಕಾರು ಎಂಬುದು ಅಕ್ಕಿ ಮೂಟೆ ಅಲ್ಲ. ಅದಕ್ಕೆ ಕೆಳಗೆ ಸ್ಪ್ರಿಂಗು ಇದೆ. ಲಾರಿ ಹಳ್ಳಕ್ಕೆ ಬಿದ್ದಾಗ ಲಾರಿಯ ಜೊತೆ ಕಾರೂ ಕುಣಿಯುತ್ತದೆ. ಬಂಪರಿಗೋ, ಬಾಡಿ ಮೇಲಿನಿಂದಲೋ ಹಗ್ಗ ಎಳೆದು ಬಿಗಿದರೆ ಪ್ರತಿ ಕುಣಿತಕ್ಕೂ ಹಗ್ಗ ಒಮ್ಮೆ ಸಡಿಲ, ಒಮ್ಮೆ ಬಿಗಿ. ಸಡಿಲವಾದ ಹಗ್ಗ ಕೊಂಡಿಯಿಂದ ಕಳಚುತ್ತದೆ. ಬಿಗಿಯಾದ ಹಗ್ಗ ಬಂಪರ್ ಬಾಗಿಸುತ್ತದೆ, ಬಣ್ಣ ಕೀಳುತ್ತದೆ. ಇದನ್ನು ತಪ್ಪಿಸಲು ಕೆಲವರು ಸ್ಪ್ರಿಂಗು ಪೂರಾ ಕುಸಿಯುವ ತನಕ ಕಾರನ್ನು ಕೆಳಕ್ಕೆ ಜಗ್ಗಿ ಕಟ್ಟುತ್ತಾರೆ. ಅಲುಗಾಡುವುದೇ ಇಲ್ಲ ನೋಡಿ ಎಂಬ ಹೆಮ್ಮೆ ಬೇರೆ! ಐವತ್ತು ಅರವತ್ತು ವರ್ಷದ ಹಳೇ ಪಟ್ಟೆ ಸ್ಪ್ರಿಂಗಿಗೆ ಇಡೀ ರಾತ್ರಿ ಆ ಶಿಕ್ಷೆ ಕೊಟ್ಟರೆ ಬೆಳಿಗ್ಗೆ ಕಾರು ಒಂದು ಮಗ್ಗುಲಿಗೆ ವಾಲಿ ನಿಲ್ಲುತ್ತದೆ.

ಸರಿಯಾದ ಕ್ರಮ ಗಾಲಿಗೆ ಕಟ್ಟುವುದು. ಟೈರಿನ ಮೇಲಿನಿಂದ ಅಗಲವಾದ ಪಟ್ಟಿ ಹಾಯಿಸಿ, ಎರಡೂ ತುದಿಯನ್ನು ಲಾರಿಯ ಹಾಸಿಗೆಗೆ ಬಿಗಿಯುತ್ತಾರೆ. ನಾಲ್ಕು ಗಾಲಿಗೆ ನಾಲ್ಕು ಪಟ್ಟಿ. ಗಾಲಿ ಲಾರಿಗೆ ಅಂಟಿಕೊಂಡಿರುತ್ತದೆ. ಮೇಲಿನ ಮೈ ತನ್ನ ಸ್ಪ್ರಿಂಗಿನ ಮೇಲೆ ತಾನು ಸುಖವಾಗಿ ತೂಗಾಡುತ್ತಿರುತ್ತದೆ, ರಸ್ತೆಯಲ್ಲಿ ಹೋದ ಹಾಗೆಯೇ. ಗಾಲಿಯ ಹಿಂದೆ ಮುಂದೆ ಮರದ ಗುಟ್ಟ ಕೊಟ್ಟು ಮೊಳೆ ಹೊಡೆದರೆ ಇನ್ನೂ ಕ್ಷೇಮ.

ಇಲ್ಲೊಂದು ಎಚ್ಚರಿಕೆ. ಯುದ್ಧಕ್ಕೆ ಮುಂಚಿನ ಕಾರುಗಳಲ್ಲಿ ಸೈಕಲ್ ಚಕ್ರದಂತೆ ತಂತಿ ಕಡ್ಡಿಯ ಗಾಲಿ ಇರುತ್ತವೆ. ಇನ್ನೂ ಹಳೆಯವಕ್ಕೆ ಮರದ ಕಡ್ಡಿ. ಆ ಕಡ್ಡಿಗಳ ನಡುವೆ ಪಟ್ಟಿ ತೂರಿಸಿ ಜಗ್ಗಿದರೆ ಕಡ್ಡಿ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಅಂಥ ಗಾಲಿ ಮಾಡಿಕೊಡುವ ಕುಶಲಕರ್ಮಿ ಪೇಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಇನ್ನು ಕೆಳಗೆ ತೂರಿ ಎಲ್ಲಿಗೋ ಒಂದು ಕಡೆ ಕೊಕ್ಕೆ ಸಿಕ್ಕಿಸುವ ಅಭ್ಯಾಸ. ಹೊಸ ಕಾರುಗಳಿಗೆ ಫ್ಯಾಕ್ಟರಿಯಲ್ಲೇ ಕೊಕ್ಕೆ ಹಾಕಲು ಜಾಗ ಮಾಡಿಟ್ಟಿರುತ್ತಾರೆ. ಕಾರು ಸಾಗಿಸುವ ದೊಡ್ಡ ಲಾರಿಗಳ ಹುಡುಗರಿಗೆ ಅದೇ ರೂಢಿ. ಹಳೇ ಕಾರಿನಲ್ಲಿ ಅಂಥ ಜಾಗ ಎಲ್ಲಿದೆ? ಕೈಗೆ ಸಿಕ್ಕಿದ್ದಕ್ಕೆ ಕೊಕ್ಕೆ ಹಾಕುತ್ತಾರೆ. ಅದು ಬ್ರೇಕ್ ಪೈಪಿನ ಪಕ್ಕವೋ, ಸ್ಟೀರಿಂಗ್ ರಾಡೋ ಆಗಿದ್ದರೆ ದೇವರೇ ಗತಿ. ಹೆರಾಲ್ಡಿಗೆ ಕೆಳಗೆ ಪ್ರತ್ಯೇಕ ಷಾಸಿ ಇದೆ, ಆಧಾರ ಸಿಗುತ್ತದೆ. ಅಂಬಾಸಿಡರಿಗೆ ಹಾಗೆ ಬೇರೆ ಷಾಸಿ ಇಲ್ಲ, ಮೈಯೇ ಷಾಸಿ. ನೆಲದ ತಗಡು ತುಕ್ಕು ತಿಂದಿದ್ದರೆ ಕೊಕ್ಕೆ ತಗಡನ್ನೇ ಕಿತ್ತುಕೊಂಡು ಬರುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದೆ ಎಂದ ಮಾತ್ರಕ್ಕೆ ಕೆಳಗೆ ಗಟ್ಟಿ ಅಂತ ತಿಳಿಯಬಾರದು.

ಪಟ್ಟಿ ಯಾವುದು ಎಂಬುದೂ ನೋಡಬೇಕು. ಎರಡು ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿ, ರ‍್ಯಾಚೆಟ್ ಹಿಡಿ ಇರುವಂಥದ್ದು, ಲಾರಿ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಒಳ್ಳೆಯದಕ್ಕೆ ನೀಲಿ ಚೀಟಿ ಹೊಲಿದು, ಎಷ್ಟು ಭಾರ ತಡೆಯುತ್ತದೆ ಅಂತ ಬರೆದಿರುತ್ತಾರೆ. ಚೀಟಿ ಹರಿದುಹೋದ, ಅಂಚು ಎಳೆ ಬಿಟ್ಟ ಪಟ್ಟಿಯನ್ನು ದೂರ ಎಸೆಯಬೇಕು. ಉದ್ದ ಸಾಲದು ಅಂತ ಎರಡು ಪಟ್ಟಿಗೆ ಗಂಟು ಹಾಕುವವರಿದ್ದಾರೆ. ಗಂಟು ಬಿದ್ದ ಪಟ್ಟಿಯ ಶಕ್ತಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೈಲಾನ್ ಹಗ್ಗವಂತೂ ಬೇಡವೇ ಬೇಡ. ಹಿಗ್ಗುತ್ತದೆ, ಮಳೆಯಲ್ಲಿ ನೆನೆದರೆ ಇನ್ನೂ ಹಿಗ್ಗುತ್ತದೆ.

ಒಂದು ಲೆಕ್ಕ ಕೇಳಿ. ಲಾರಿ ಗಕ್ಕನೆ ಬ್ರೇಕ್ ಹೊಡೆದರೆ ಮೇಲಿನ ಸರಕು ತನ್ನ ತೂಕದ ನೂರಕ್ಕೆ ಎಂಬತ್ತು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು ಎಂದು ಇಟ್ಟುಕೊಂಡು ಕಟ್ಟಬೇಕೆನ್ನುವುದು ಯೂರೋಪಿನವರ ನಿಯಮ. ಅಕ್ಕಪಕ್ಕಕ್ಕೆ ಮತ್ತು ಹಿಂದಕ್ಕೆ ತೂಕದ ಅರ್ಧ. ಸಾವಿರದ ನೂರು ಕಿಲೋ ಕಾರು ಎಂದರೆ ಎಂಟುನೂರ ಎಂಬತ್ತು ಕಿಲೋ ನೂಕು. ಬಟ್ಟೆ ಒಣಗಿಸುವ ಹಗ್ಗ ಅದನ್ನು ತಡೆಯುತ್ತದೆಯೇ?

ಇನ್ನೊಂದು ಮಾತು. ಹೊಸದಾಗಿ ಬಿಗಿದ ಪಟ್ಟಿ ಮೊದಲ ಮೂವತ್ತು ನಲವತ್ತು ಕಿಲೋಮೀಟರಿನಲ್ಲಿ ಸಡಿಲವಾಗಿಯೇ ಆಗುತ್ತದೆ. ಕಾರು ಕುಳಿತುಕೊಳ್ಳುತ್ತದೆ, ಪಟ್ಟಿ ಎಳೆದುಕೊಳ್ಳುತ್ತದೆ. ಮಂಗಳೂರಿನಿಂದ ಹೊರಟ ಲಾರಿ ಬಿ.ಸಿ. ರೋಡ್ ದಾಟಿ ಎಲ್ಲಾದರೂ ಒಮ್ಮೆ, ಗುಂಡ್ಯದಲ್ಲಿ ಘಾಟಿ ಹತ್ತುವ ಮುಂಚೆ ಇನ್ನೊಮ್ಮೆ ನಿಂತು ನಾಲ್ಕೂ ಪಟ್ಟಿ ಕೈಯಿಂದ ಜಗ್ಗಿ ನೋಡಬೇಕು. ಐದು ನಿಮಿಷದ ಕೆಲಸ. ಮಾಡುವವರು ಕಡಿಮೆ. ಹತ್ತುವಾಗ ಕಾರು ಹಿಂದಕ್ಕೆ ಜಾರಲು ನೋಡುತ್ತದೆ, ಮುಂದಿನ ಪಟ್ಟಿಗಳಿಗೆ ಭಾರ. ಇಳಿಯುವಾಗ ಬ್ರೇಕಿಗೆ ಮುಂದಕ್ಕೆ ನುಗ್ಗುತ್ತದೆ, ಹಿಂದಿನ ಪಟ್ಟಿಗಳಿಗೆ ಭಾರ. ಘಾಟಿಯ ಲಾರಿ ಡ್ರೈವರಿಗೆ ಇದನ್ನು ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಕಟ್ಟುವಾಗ ಅವನನ್ನು ಕೇಳುವವರು ಯಾರು? ಅವನು ಟೀ ಕುಡಿಯಲು ಹೋಗಿರುತ್ತಾನೆ. ಕಟ್ಟುವುದು ಕ್ಲೀನರ್ ಹುಡುಗ. ಅವನಿಗೆ ಕಟ್ಟಿದ್ದಕ್ಕೆ ಬೇರೆ ಕೂಲಿ ಇಲ್ಲ. ಬಿಚ್ಚಿಕೊಂಡರೆ ಬೈಗುಳ ಮಾತ್ರ ಅವನ ಪಾಲು.

ಹೊದಿಕೆಯೇ ವೈರಿ

ಪ್ರೀತಿ ಹೆಚ್ಚಾದಾಗ ಆಗುವ ಅನಾಹುತ ಇದು. ತೆರೆದ ಲಾರಿಯಲ್ಲಿ ಧೂಳು ಕೂರದಿರಲಿ ಅಂತ ಕಾರಿಗೆ ಹೊದಿಕೆ ಹಾಕಿ ಕಟ್ಟುತ್ತಾರೆ. ಲಾರಿ ಅರವತ್ತು ಎಪ್ಪತ್ತರ ವೇಗದಲ್ಲಿ ಹೋಗುವಾಗ ಗಾಳಿಗೆ ಹೊದಿಕೆ ಪಟಪಟ ಬಡಿಯುತ್ತದೆ. ಒಳಗೆ ಸೇರಿದ ಧೂಳು, ಮರಳು ಎಲ್ಲ ಸೇರಿ ಬಣ್ಣದ ಮೇಲೆ ಉಪ್ಪುಕಾಗದ ಉಜ್ಜಿದ ಹಾಗೆ. ಬೆಂಗಳೂರಿನಲ್ಲಿ ಹೊದಿಕೆ ತೆಗೆದಾಗ ಮೂಲೆ ಮೂಲೆಯಲ್ಲಿ ಬಣ್ಣ ಮಂಕು. ಬರೀ ಮೈಯಲ್ಲಿ ಬಂದಿದ್ದರೆ ಒಂದು ತೊಳೆತಕ್ಕೆ ಹೋಗುತ್ತಿತ್ತು!

ಸುತ್ತಲೂ ಮುಚ್ಚಿದ ಕಂಟೇನರ್ ಲಾರಿಯೇ ಪ್ರದರ್ಶನದ ಕಾರಿಗೆ ತಕ್ಕದ್ದು. ಮಳೆ ಇಲ್ಲ, ಕಲ್ಲು ಸಿಡಿಯುವುದಿಲ್ಲ, ಟೀ ಅಂಗಡಿಯವರು ಮುಟ್ಟಿ ನೋಡುವುದಿಲ್ಲ. ಬಾಡಿಗೆ ಮಾತ್ರ ಹೆಚ್ಚು. ಅದಕ್ಕೂ ತನ್ನದೇ ತೊಂದರೆಗಳಿವೆ. ಕರಾವಳಿಯ ಬಿಸಿ ತೇವದ ಗಾಳಿಯನ್ನು ಒಳಗೆ ತುಂಬಿಕೊಂಡು ಬಾಗಿಲು ಹಾಕಿದ ಡಬ್ಬಿ ನಡುರಾತ್ರಿ ಸುಮಾರು ಮೂರು ಸಾವಿರ ಅಡಿ ಎತ್ತರದ ಸಕಲೇಶಪುರಕ್ಕೆ ಬಂದು ನಿಂತರೆ ಏನಾಗುತ್ತದೆ? ತಣ್ಣಗಾದ ತಗಡಿನ ಮೇಲೆ ಒಳಗಿನ ತೇವವೆಲ್ಲ ಹನಿಹನಿಯಾಗಿ ಇಳಿಯುತ್ತದೆ. ಮೇಲೆ ಪ್ಲಾಸ್ಟಿಕ್ ಬೇರೆ ಸುತ್ತಿದ್ದರೆ ಕ್ರೋಮಿನ ಮೇಲೆ ತುಕ್ಕಿನ ಚುಕ್ಕೆ ಏಳಲು ಅಷ್ಟು ಸಾಕು. ತೇವ ಹೀರುವ ಪೊಟ್ಟಣಗಳನ್ನು ಒಳಗಿಡುವುದು, ಪ್ಲಾಸ್ಟಿಕ್ ಬಿಟ್ಟು ಒಗೆದ ಮೆತ್ತನೆ ಹತ್ತಿ ಬಟ್ಟೆ ಹೊದಿಸುವುದು ಇದಕ್ಕೆ ಮದ್ದು. ಕಂಟೇನರ್ ಒಳಗೆ ಗಾಳಿ ಇಲ್ಲದ್ದರಿಂದ ಅಲ್ಲಿ ಹೊದಿಕೆ ಬಡಿಯುವ ಭಯವಿಲ್ಲ.

ಎರಡು ಅಂತಸ್ತಿನ ಲಾರಿಯಲ್ಲಿ ಕೆಳಗಿನ ಜಾಗ ಸಿಕ್ಕರೆ ಮೇಲೆ ಯಾವ ಕಾರು ಇದೆ ಎಂದು ವಿಚಾರಿಸಬೇಕು. ಎಣ್ಣೆ ಸೋರದ ಹಳೇ ಇಂಗ್ಲೀಷ್ ಕಾರು ಇಲ್ಲ, ಸೋರದಿದ್ದರೆ ಒಳಗೆ ಎಣ್ಣೆಯೇ ಇಲ್ಲ ಅಂತ ಮೆಕ್ಯಾನಿಕ್‌ಗಳ ಹಾಸ್ಯ. ಆ ಎಣ್ಣೆ ರಾತ್ರಿಯೆಲ್ಲ ತೊಟ್ಟಿಕ್ಕುವುದು ಕೆಳಗಿನ ಕಾರಿನ ನೆತ್ತಿಗೆ. ಬ್ರೇಕ್ ಎಣ್ಣೆಯಾದರೆ ಬಣ್ಣವನ್ನೇ ತಿಂದುಹಾಕುತ್ತದೆ. ಒಂದು ತಗಡಿನ ತಟ್ಟೆ ಇಟ್ಟರೆ ಮುಗಿಯಿತು.

ಪೆಟ್ರೋಲು ಟ್ಯಾಂಕಿನಲ್ಲಿ ಕಾಲು ಪಾಲಿಗಿಂತ ಹೆಚ್ಚು ಬೇಡ. ಏರಿನಲ್ಲಿ ತುಂಬಿದ ಟ್ಯಾಂಕು ಹಳೇ ಮುಚ್ಚಳದಿಂದ ಚೆಲ್ಲುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಆವಿ ತುಂಬುತ್ತದೆ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲು. ಅದು ನೀರು ಹೀರುವಂಥದ್ದು, ಹಳೇ ರಬ್ಬರ್ ಪೈಪಿಗೂ ಅದಕ್ಕೂ ಆಗಿಬರುವುದಿಲ್ಲ. ಬ್ಯಾಟರಿ ತಂತಿ ಬಿಚ್ಚಿಡುವುದು ಕಡ್ಡಾಯ. ಆವಿಯ ನಡುವೆ ಒಂದು ಕಿಡಿ ಹಾರಿದರೆ ಕಾರು, ಲಾರಿ ಎರಡೂ ಉಳಿಯುವುದಿಲ್ಲ.

ಹತ್ತಿಸುವಾಗಲೇ ಅರ್ಧ ಅಪಾಯ

ಇಷ್ಟೆಲ್ಲ ಹೇಳಿದ್ದು ಕಾರು ಲಾರಿ ಮೇಲೆ ಕೂತ ನಂತರದ ಮಾತು. ಅಲ್ಲಿಗೆ ಹತ್ತಿಸುವುದೇ ಮೊದಲ ಗಂಡಾಂತರ. ನಮ್ಮ ಹಳ್ಳಿ ಕಡೆ ಟ್ರ್ಯಾಕ್ಟರ್, ಜೀಪು ಲಾರಿಗೆ ಏರಿಸಲು ಮಣ್ಣಿನ ದಿಬ್ಬವೇ ಪ್ಲಾಟ್‌ಫಾರಂ. ದಿಬ್ಬಕ್ಕೆ ಲಾರಿ ಹಿಂಬದಿ ಆನಿಸಿ, ನಡುವೆ ಎರಡು ಹಲಗೆ ಹಾಕಿ ತಳ್ಳುತ್ತಾರೆ. ದಿಬ್ಬ ಗಟ್ಟಿಯಿದ್ದು ಹಲಗೆ ದಪ್ಪನಾಗಿದ್ದರೆ ಇದೂ ಕೆಟ್ಟ ಪದ್ಧತಿಯೇನಲ್ಲ. ಎಷ್ಟೋ ಕಡಿದಾದ ಕಬ್ಬಿಣದ ಇಳಿಜಾರಿಗಿಂತ ವಾಸಿ. ಐವತ್ತರ ದಶಕದ ಅಮೆರಿಕದ ಕಾರುಗಳಿಗೆ ಹಿಂಭಾಗ ಉದ್ದ. ಇಳಿಜಾರು ಕಡಿದಾದರೆ ಮುಂಗಾಲಿ ಮೇಲೇರುತ್ತಿದ್ದ ಹಾಗೆ ಬಾಲ ನೆಲಕ್ಕೆ ಉಜ್ಜುತ್ತದೆ. ಆಗ ಇಳಿಜಾರಿನ ಬುಡಕ್ಕೆ ಇನ್ನೆರಡು ಉದ್ದ ಹಲಗೆ ಸೇರಿಸಿ ಏರು ತಗ್ಗಿಸಬೇಕು.

ಎಂಜಿನ್ ಸ್ಟಾರ್ಟ್ ಮಾಡಿ ಒಂದೇ ಜಿಗಿತಕ್ಕೆ ಹತ್ತಿಸುವ ಶೂರರೂ ಉಂಟು. ಹಳೇ ಕ್ಲಚ್ಚು, ಹಳೇ ಬ್ರೇಕು, ಅದರ ಮೇಲೆ ಎಲ್ಲರ ಮುಂದೆ ತೋರಿಸುವ ಉಮೇದು. ಲಾರಿಯ ಕ್ಯಾಬಿನ್ನಿಗೆ ಹೋಗಿ ಗುದ್ದುವುದು ಹೀಗೆ. ಮುಚ್ಚಿದ ಡಬ್ಬಿಯೊಳಗೆ ಎಂಜಿನ್ ಓಡಿಸಿದರೆ ವಿಷದ ಹೊಗೆ ಬೇರೆ. ಕೈಯಿಂದ ತಿರುಗಿಸುವ ವಿಂಚ್‌ನಲ್ಲಿ ನಿಧಾನವಾಗಿ ಎಳೆಯುವುದೇ ಕ್ಷೇಮ. ಒಳಗೆ ಒಬ್ಬರು ಸ್ಟೀರಿಂಗ್ ಹಿಡಿದು, ಬ್ರೇಕಿನ ಮೇಲೆ ಕಾಲಿಟ್ಟು ಕೂತಿರಬೇಕು. ಹಗ್ಗ ಷಾಸಿಗೋ ಆಕ್ಸಲ್ಲಿಗೋ ಇರಲಿ, ಬಂಪರಿಗೆ ಅಲ್ಲ.

ಎಲ್ಲಕ್ಕಿಂತ ಮುಖ್ಯ, ಕಾರಿನ ಹಿಂದೆ ನಿಂತು ಭುಜ ಕೊಟ್ಟು ತಳ್ಳುವುದು ನಿಲ್ಲಬೇಕು. ಒಂದು ಟನ್ನಿನ ಕಾರು ಏರಿನಲ್ಲಿ ಹಿಂದಕ್ಕೆ ಜಾರಿದರೆ ಹಿಂದೆ ನಿಂತ ನಾಲ್ಕು ಕೂಲಿಯವರು ತಡೆಯಲಾರರು. ಬಣ್ಣದ ಗೀರಿಗೆ ಇಷ್ಟು ಮರುಗುವವರು ಈ ಕಡೆ ಒಂದಿಷ್ಟು ಲಕ್ಷ್ಯ ಕೊಟ್ಟರೆ ತಪ್ಪೇನು? ಗಾಲಿ ಒಂದೊಂದು ಅಡಿ ಮುಂದೆ ಹೋದ ಹಾಗೆ ಹಿಂದೆ ಮರದ ಗುಟ್ಟ ಸರಿಸುತ್ತ ಬರಲು ಪಕ್ಕದಲ್ಲಿ ನಿಂತ ಒಬ್ಬ ಸಾಕು.

ಘಾಟಿಯ ಗ್ರಹಚಾರ

ಶಿರಾಡಿ ರಸ್ತೆ ಮೊದಲಿನ ಹಾಗಿಲ್ಲ ಎಂಬುದು ನಿಜ. 2015ರಲ್ಲಿ ಒಂದು ಹಂತ, 2018ರಲ್ಲಿ ಇನ್ನೊಂದು ಹಂತ, ಎರಡೂ ಸಲ ತಿಂಗಳುಗಟ್ಟಲೆ ರಸ್ತೆ ಮುಚ್ಚಿ ಸುಮಾರು 26 ಕಿಲೋಮೀಟರ್ ಕಾಂಕ್ರೀಟ್ ಹಾಕಿದರು. ಕಾರು ಹೊತ್ತ ಲಾರಿಗೆ ಅದು ದೊಡ್ಡ ಉಪಕಾರ. ಹಾಸನದಿಂದ ಮಾರನಹಳ್ಳಿವರೆಗಿನ ಚತುಷ್ಪಥದ ಕೆಲಸ ವರ್ಷಗಟ್ಟಲೆ ಎಳೆದಾಡಿದ ಕತೆಯನ್ನು ಇಲ್ಲಿ ಮತ್ತೆ ಬರೆದು ಪ್ರಯೋಜನವಿಲ್ಲ, ಓದುಗರ ಬೆನ್ನುಮೂಳೆಗೇ ಗೊತ್ತು.

ಮಳೆಗಾಲದ ಮಾತು ಬೇರೆ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ವಾಹನಗಳು ಸಾಲುಗಟ್ಟಿ ನಿಂತವು. ಚಾರ್ಮಾಡಿಯಲ್ಲಿ 2019ರ ಕುಸಿತದ ನಂತರ ಭಾರಿ ಲಾರಿಗಳಿಗೆ ನಿರ್ಬಂಧ ಬಂತು. ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ರದರ್ಶನದ ಕಾರನ್ನು ಘಾಟಿಗೆ ಬಿಡದಿರುವುದೇ ಜಾಣತನ. ಬಿಡಲೇಬೇಕಾದರೆ ದಾರಿಯಲ್ಲಿ ಎರಡು ದಿನ ನಿಲ್ಲಬಹುದೆಂದು ಲೆಕ್ಕ ಇಟ್ಟು ಹೊರಡಬೇಕು. ಮುಂಬೈ ಕಡೆ ಹೋಗುವುದಾದರೆ ಕೊಂಕಣ ರೈಲ್ವೆಯವರು ಲಾರಿಗಳನ್ನೇ ರೈಲಿನ ಮೇಲೆ ಹೊತ್ತೊಯ್ಯುವ ವ್ಯವಸ್ಥೆಯನ್ನು 1999ರಲ್ಲಿ ಶುರು ಮಾಡಿದ್ದರು, ಸುರತ್ಕಲ್‌ಗೂ ಅದು ಬಂತು. 2025ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಖಾಸಗಿ ಕಾರುಗಳಿಗೂ ಅಂಥ ಸೇವೆ ಆರಂಭಿಸಿದರು. ಬೆಂಗಳೂರಿಗೆ ಹೋಗುವವರಿಗೆ ಮಾತ್ರ ಇದರಿಂದ ಉಪಯೋಗವಿಲ್ಲ.

ಹತ್ತು ಪಟ್ಟು ಬಾಡಿಗೆ, ಅಷ್ಟೇ!

ಇಷ್ಟೆಲ್ಲ ಮಾಡಿಯೂ ಕಾರು ಜಜ್ಜಿಹೋಯಿತು ಅನ್ನಿ. ಪರಿಹಾರ ಎಷ್ಟು? ಬಹುತೇಕ ಯಜಮಾನರು ಲಾರಿ ಆಫೀಸಿನವರು ಪೂರಾ ಕೊಡುತ್ತಾರೆ ಅಂತ ನಂಬಿಕೊಂಡಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1865ರ ಬ್ರಿಟಿಷರ ಕಾಲದ ಕಾಯಿದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯಿದೆ ಮತ್ತು ಅದರ 2011ರ ನಿಯಮಗಳ ಪ್ರಕಾರ, ಸರಕಿಗೆ ಹಾನಿಯಾದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದೂ ಬಿಲ್ಟಿಯಲ್ಲಿ ಬರೆಸಿದ ಬೆಲೆಯನ್ನು ಮೀರುವಂತಿಲ್ಲ. ಬಾಡಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳಿ, ಹೆಚ್ಚೆಂದರೆ 2 ಲಕ್ಷ. ಕಾರಿನ ಬೆಲೆ 30 ಲಕ್ಷ ಇದ್ದರೂ ಅಷ್ಟೇ. ಚೌಕಾಸಿ ಮಾಡಿ ಎರಡು ಸಾವಿರ ಇಳಿಸಿದಿರಾ? ನಿಮ್ಮ ಪರಿಹಾರದಲ್ಲಿ ಇಪ್ಪತ್ತು ಸಾವಿರ ಇಳಿಸಿಕೊಂಡಿರಿ!

ಇದಕ್ಕೆ ದಾರಿಯೂ ಅದೇ ಕಾಯಿದೆಯಲ್ಲಿದೆ. ಹೆಚ್ಚಿನ ಅಪಾಯದ ದರ ಕೊಡುತ್ತೇನೆ ಎಂದು ಬರವಣಿಗೆಯಲ್ಲಿ ಒಪ್ಪಿ, ಕಾರಿನ ನಿಜವಾದ ಬೆಲೆಯನ್ನು ಬಿಲ್ಟಿಯಲ್ಲಿ ಬರೆಸಿದರೆ ಆ ಮಿತಿ ಹೋಗುತ್ತದೆ. ಬುಕಿಂಗ್ ಕೌಂಟರಿನಲ್ಲಿ ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಬೇಕು. 'ಮಾಲೀಕರ ಜವಾಬ್ದಾರಿ' ಎಂಬ ರಬ್ಬರ್ ಸ್ಟಾಂಪು ಬಿಲ್ಟಿಯ ಮೇಲೆ ಬೀಳುವ ಮುಂಚೆಯೇ ಕೇಳಬೇಕು.

ವಿಮೆಯಲ್ಲೂ ಸೂಕ್ಷ್ಮವಿದೆ. ಖಾಸಗಿ ಕಾರಿನ ಪೂರ್ಣ ಪಾಲಿಸಿ ಇದ್ದರೆ ರಸ್ತೆ, ರೈಲು, ಒಳನಾಡು ಜಲಮಾರ್ಗದಲ್ಲಿ ಸಾಗಿಸುವಾಗ ಆಗುವ ಹಾನಿಯೂ ಅದರಲ್ಲಿ ಸೇರಿರುತ್ತದೆ. ಆದರೆ ಷೆಡ್ಡಿನಲ್ಲಿ ನಿಂತ ಹಳೇ ಕಾರಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ಕಟ್ಟಿ ಸುಮ್ಮನಿರುವವರೇ ಹೆಚ್ಚು, ಅದರಲ್ಲಿ ಇದೇನೂ ಸಿಗದು. ಪೂರ್ಣ ಪಾಲಿಸಿ ಇದ್ದರೂ ಹತ್ತು ವರ್ಷ ದಾಟಿದ ಕಾರಿನ ಲೋಹದ ಬಿಡಿಭಾಗಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಬೆಲೆ ಕಡಿತ. ಅದಕ್ಕೇ ಬೆಲೆಯನ್ನು ಮೊದಲೇ ಒಪ್ಪಿ ಬರೆಸಿಕೊಂಡ ಪಾಲಿಸಿ ಬೇಕು. ಇಲ್ಲವೇ ಆ ಒಂದು ಪ್ರಯಾಣಕ್ಕೆಂದೇ ಬೇರೆ ವಿಮೆ. ಇದನ್ನು ಕೊಡುವುದು ಕಂಪೆನಿಗಳ 'ಮೆರೈನ್' ವಿಭಾಗ. ಘಾಟಿ ಹತ್ತುವ ಲಾರಿಗೂ ಸಮುದ್ರದ ಹೆಸರು! ಅದರಲ್ಲಿ ಎ, ಬಿ, ಸಿ ಅಂತ ಮೂರು ತರಗತಿ. ಸಿ ಅಂದರೆ ಬೆಂಕಿ, ಸಿಡಿಲು ಇಷ್ಟೇ. ಬಿ ಅಂದರೆ ಲಾರಿ ಮಗುಚುವುದು, ಡಿಕ್ಕಿ ಮುಂತಾದವು ಸೇರುತ್ತವೆ. ಗೀರು, ಜಜ್ಜು ಎಲ್ಲ ಬೇಕಾದರೆ ಎ. ಎ ತೆಗೆದುಕೊಂಡರೂ ಸರಕಿನ ಪ್ಯಾಕಿಂಗ್, ಸಿದ್ಧತೆ ಸಾಲದಾಗಿದ್ದರಿಂದ ಆದ ಹಾನಿಗೆ ಹಣವಿಲ್ಲ ಎಂಬ ಸಾಲು ಒಳಗಿದೆ. ಸರ್ವೆಯರ್ ಬಂದು ಹರಿದ ನೈಲಾನ್ ಹಗ್ಗದ ಫೋಟೋ ತೆಗೆದುಕೊಂಡು ಹೋದರೆ ತಕರಾರು ಅಲ್ಲಿಂದಲೇ ಶುರು.

ಆದ್ದರಿಂದ ಕಾರು ಮನೆ ಬಿಡುವ ಮುಂಚೆ ಯಜಮಾನನೇ ನಾಲ್ಕೂ ಕಡೆಯಿಂದ ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಡಬೇಕು, ಕಟ್ಟಿದ ಮೇಲೆ ಪಟ್ಟಿಗಳದ್ದೂ ಸೇರಿಸಿ. ಮೀಟರಿನ ಕಿಲೋಮೀಟರ್ ಬರೆದಿಡಬೇಕು. ಬಾನೆಟ್ ಮೇಲಿನ ಗೊಂಬೆ, ಗಾಲಿಯ ಬಟ್ಟಲು, ಹಳೇ ಲ್ಯಾಂಪು ಮುಂತಾದ ಬಿಚ್ಚಲು ಬರುವ ಸಾಮಾನನ್ನೆಲ್ಲ ಬಿಚ್ಚಿ ತಾನೇ ಕೈಯಲ್ಲಿ ಒಯ್ಯುವುದು ಒಳ್ಳೆಯದು. ಗುಜರಿ ಪೇಟೆಗೆ ಅವುಗಳ ಬೆಲೆ ಚೆನ್ನಾಗಿ ಗೊತ್ತು.

ಕೊನೆಗೆ ಇಳಿಸುವ ಹೊತ್ತು. ಬೆಂಗಳೂರಿನೊಳಗೆ ಹಗಲಿನ ದಟ್ಟಣೆ ವೇಳೆ ಭಾರಿ ವಾಹನಗಳಿಗೆ ತಡೆ ಇರುವುದರಿಂದ ಲಾರಿಗಳು ಸಾಮಾನ್ಯವಾಗಿ ಬೆಳಕು ಹರಿಯುವ ಮುಂಚೆ ತಲುಪುತ್ತವೆ. ಡ್ರೈವರಿಗೆ ಮರಳುವ ಆತುರ, ಯಜಮಾನನಿಗೆ ನಿದ್ದೆಗಣ್ಣು. ಕಾರು ಇಳಿಯುತ್ತದೆ, ಕಾಗದ ಬರುತ್ತದೆ. 'ಸರಕು ಸುಸ್ಥಿತಿಯಲ್ಲಿ ತಲುಪಿದೆ' ಎಂಬ ಸಾಲಿನ ಕೆಳಗೆ ಸಹಿ ಬೀಳುತ್ತದೆ. ಹಾನಿಯ ದಾವೆ ಹೂಡಬೇಕಾದರೆ ಮೊದಲು ಲಿಖಿತ ನೋಟೀಸು ಕೊಡಬೇಕು, ಅದಕ್ಕೆ ಬುಕ್ ಮಾಡಿದ ದಿನದಿಂದ 180 ದಿನ ಗಡುವು ಇದೆ. ಆದರೆ ಸುಸ್ಥಿತಿ ಅಂತ ತಾನೇ ಸಹಿ ಮಾಡಿಕೊಟ್ಟ ಕಾಗದ ಎದುರಾಳಿಯ ಕೈಯಲ್ಲಿದ್ದರೆ ನೋಟೀಸಿಗೆ ಬಲ ಎಲ್ಲಿಂದ ಬರಬೇಕು? ಡ್ರೈವರಿಗೆ ಒಂದು ಲೋಟ ಕಾಫಿ ಕೊಟ್ಟು, ಅರ್ಧ ಗಂಟೆ ಕೂರಿಸಿ, ಸೂರ್ಯ ಹುಟ್ಟಿದ ಮೇಲೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಸಹಿ ಹಾಕಿದರೆ ಆಯಿತು. ಟಾರ್ಚಿನ ಬೆಳಕಿನಲ್ಲಿ ಬಣ್ಣದ ಮೇಲಿನ ಗೀರು ಕಾಣುವುದಿಲ್ಲ.